ಎರಡನೇ ಮೈಕು

ಜುಲೈ 9, ಬುಧವಾರ

ಬೆಳಿಗ್ಗೆ ಮೂರು ರೀಡು ಕೆರೆದೆ. ಹರಪನಹಳ್ಳಿ ಕಡೆಯ ಯಾವುದೋ ಮಠದ ಹಾರ್ಮೋನಿಯಂ ಪೇಟಿ. ಗಾಳಿ ಹಾಕುವ ತಿದಿಯನ್ನು ಇಲಿ ಕಡಿದಿದೆ. ಒಳಗೆ ಶೇಂಗಾ ಸಿಪ್ಪೆ, ಒಂದು ಊದಿನಕಡ್ಡಿ. ಮಧ್ಯಾಹ್ನ ಅನ್ನ, ನಿನ್ನೆಯ ದಾಲ್ಚಾ. ಎದುರಿನ ಹಿಟ್ಟಿನ ಗಿರಣಿ ಇಡೀ ದಿನ ಒಂದೇ ಸ್ವರ — ಪೇಟಿಯ ಮೂರನೇ ಬಿಳಿ ಮನೆಗಿಂತ ಒಂದೆಳೆ ಕೆಳಗೆ. ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ. ಬಿಚ್ಚಿ ಸರಿ ಮಾಡೋಣ ಅಂತ ಕೈ ತುರಿಸುತ್ತದೆ.

ಸಂಜೆ ಶಿವಕುಮಾರರ ಕಂಪ್ಯೂಟರ್ ಅಂಗಡಿಗೆ ಹೋದೆ. ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು, ಏನೇನು ಬೇಕು ಅಂತ ಕೇಳಿದೆ.

"ಕೂಡ್ರಿ ಮಾಸ್ತರ್ರೇ. ಹಾಡೋರು ಯಾರು?"

"ನಾನೇ."

ಸುಳ್ಳು. ನಾನು ಬಾಯಿ ತೆರೆದರೆ ನನ್ನ ಹೆಂಡತಿ ರಹಮತ್ ಬೀ ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವಳು ಹೋಗಿ ಐದು ವರ್ಷ. ಈಗ ಆ ಬಾಗಿಲು ಸದಾ ತೆರೆದೇ ಇರುತ್ತದೆ.

ಜುಲೈ 11

ಮತ್ತೆ ಅಂಗಡಿಗೆ. ದೊಡ್ಡ ಡಬ್ಬದ ಕಂಪ್ಯೂಟರೋ, ಲ್ಯಾಪ್‌ಟಾಪೋ? ಶಿವಕುಮಾರರು ದೊಡ್ಡದೇ ಒಳ್ಳೆಯದು, ಆಮೇಲೆ ಬೇಕಾದ್ದು ಸೇರಿಸಬಹುದು ಅಂದರು. ನಾನು ಒಂದೊಂದಕ್ಕೂ ಕಿವಿ ಹಚ್ಚಿ ಕೇಳಿದೆ. ಎಲ್ಲದರಲ್ಲೂ ಫ್ಯಾನಿನ ಗೊರಗೊರ. ಅಲ್ಲಿದ್ದ ಗಿರಾಕಿಗಳಿಗೆ ನಗು. ನಗಲಿ. ಕಲ್ಲಂಗಡಿ ಹಣ್ಣು ತಟ್ಟಿ ನೋಡಿದರೆ ಯಾರೂ ನಗುವುದಿಲ್ಲ.

ಕೊನೆಗೆ ಒಂದು ಲ್ಯಾಪ್‌ಟಾಪ್ ಒಪ್ಪಿಗೆಯಾಯಿತು. ಹದಿನಾರು ಜಿಬಿ ರ‍್ಯಾಮ್. ಒಳಗೆ ತಿರುಗುವ ಡಿಸ್ಕ್ ಇಲ್ಲ, ಎಸ್‌ಎಸ್‌ಡಿ ಅಂತೆ, ಚೂರೂ ಸದ್ದಿಲ್ಲ. ಕಿವಿ ಹಚ್ಚಿದೆ. ನಿಜ. ಏನೂ ಕೇಳಿಸಲಿಲ್ಲ.

ಜುಲೈ 14, ಸೋಮವಾರ

ಮೈಕು. ಎರಡು ಜಾತಿ. ಕಂಡೆನ್ಸರ್ ಮೈಕಿಗೆ ಬೀದಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆ. ಅದನ್ನು ನಮ್ಮ ವಿನೋಬನಗರದಲ್ಲಿಟ್ಟರೆ ಗಿರಣಿ, ಆಟೋ, ಪಕ್ಕದ ಮನೆಯ ಕುಕ್ಕರ್ ಎಲ್ಲಾ ಸೇರಿ ಭಜನೆ ಮಾಡುತ್ತವೆ. ಡೈನಮಿಕ್ ಮೈಕು ಎದುರಿಗಿದ್ದವನ ಮಾತಷ್ಟೇ ಕೇಳುತ್ತದೆ. ಅದೇ ಸಾಕು ಅಂದೆ. ಮೈಕನ್ನು ಕಂಪ್ಯೂಟರಿಗೆ ಸೇರಿಸಲು ನಡುವೆ ಒಂದು ಪುಟ್ಟ ಡಬ್ಬಿ ಬೇಕು, ಇಂಟರ್‌ಫೇಸ್ ಅಂತ. ಒಂದು ಮೈಕಿನದೂ ಇದೆ, ಎರಡು ಮೈಕಿನದೂ ಇದೆ.

"ಒಬ್ರೇ ಇದ್ದೀರಲ್ಲ, ಒಂದು ಮೈಕು ಸಾಕಲ್ರಿ?" ಅಂದರು ಶಿವಕುಮಾರರು.

"ಎರಡಿರಲಿ."

"ಯಾಕ?"

ಡಬ್ಬಿಯ ಬೆಲೆ ಕೇಳಿದೆ. ಅವರು ನನ್ನ ಮುಖ ನೋಡಿ, ಸುಮ್ಮನೆ ಎರಡು ಮೈಕಿನ ಡಬ್ಬಿ ತೆಗೆದಿಟ್ಟರು. ಒಳ್ಳೆಯ ಮನುಷ್ಯ.

ಜುಲೈ 19

ಐದು ದಿನ ಒದ್ದಾಡಿದೆ. ಸಾಫ್ಟ್‌ವೇರ್ ಪುಕ್ಕಟೆಯದು ಹಾಕಿಸಿಕೊಂಡೆ. ಪೇಟಿ ಬಾರಿಸಿದರೆ ಹೆಡ್‌ಫೋನಿನಲ್ಲಿ ಸ್ವರ ತಡವಾಗಿ ಬರುತ್ತಿತ್ತು. ನನ್ನ ಹಿಂದೆ ಇನ್ನೊಬ್ಬ ಖಲೀಲ ಕೂತು ಅಣಕಿಸಿದ ಹಾಗೆ. ಶಿವಕುಮಾರರು ಬಂದು ಡಬ್ಬಿಯ ಮೇಲಿನ ಒಂದು ಗುಂಡಿ ಒತ್ತಿದರು, ಸರಿಹೋಯಿತು. ಇಷ್ಟೇನಾ!

ಪರದೆಯ ಮೇಲೆ ಎರಡು ಪಟ್ಟಿ. ಮೇಲಿನದು ನನ್ನ ಪೇಟಿ — ಏರು, ಇಳಿವು, ದಿಬ್ಬ. ಕೆಳಗಿನದು ಎರಡನೇ ಮೈಕಿನದು. ನೇರ ಗೆರೆ. ಬಾರಿಸುತ್ತಾ ಅದನ್ನೇ ನೋಡುತ್ತಿದ್ದೆ.

ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ. ಅದು ಅಜ್ಜಪ್ಪಣ್ಣನ ಮೈಕು. ಅವನು ಒಮ್ಮೆ ಬಂದು ನನ್ನ ಪೇಟಿಗೆ ಹಾಡಬೇಕು. ಇಷ್ಟೆಲ್ಲಾ ತಂದದ್ದು ಅದಕ್ಕೇ.

ಜುಲೈ 28, ಶ್ರಾವಣದ ಮೊದಲ ಸೋಮವಾರ

ಕಡರನಾಯಕನಹಳ್ಳಿಯಲ್ಲಿ ಇವತ್ತು ಭಜನೆ. ಅಜ್ಜಪ್ಪಣ್ಣನ ತತ್ವಪದ, ನನ್ನ ಪೇಟಿ. ಇಪ್ಪತ್ತನಾಲ್ಕು ವರ್ಷ ತಪ್ಪಿಸಿರಲಿಲ್ಲ. ಈಗ ನನ್ನನ್ನು ಕರೆಯದೆ ಇದು ಎರಡನೇ ವರ್ಷ.

ತಪ್ಪು ನನ್ನದೇ. ಹಾಡುವವನು ನಿಲ್ಲಿಸುವ ಮುಂಚೆ ಪೇಟಿ ನಿಲ್ಲಬಾರದು, ಭಜನೆಗೆ ಕೂತವರಿಗೆಲ್ಲ ಗೊತ್ತಿರುವ ನೇಮ. ಎರಡು ವರ್ಷದ ಹಿಂದೆ ಇದೇ ಭಜನೆಯಲ್ಲಿ ಅವನು ತನ್ನ ಅಪ್ಪನಿಂದ ಕಲಿತ ಪದ ಎತ್ತಿಕೊಂಡಿದ್ದ. ಕೊನೆಯ ನುಡಿಯಲ್ಲಿ ಮೇಲಿನ ಪಂಚಮ ಬರುತ್ತದೆ. ಅಲ್ಲಿ ಅವನ ದನಿ ಒಂದೆಳೆ ಇಳಿಯುತ್ತದೆ. ಮೊದಲಿನಿಂದಲೂ ಅಷ್ಟೆ. ಅವತ್ತು ಅದೇನು ತಲೆಗೇರಿತ್ತೋ, ತಿದಿಯಿಂದ ಕೈ ತೆಗೆದು, ಮೈಕಿನಲ್ಲೇ ಅಂದೆ: "ಇಳಿದಿ ಅಜ್ಜಪ್ಪಣ್ಣ, ಏರ್ಸು."

ಇಡೀ ಊರು ಕೂತಿತ್ತು. ಅವನು ಪೇಟಿಯಿಲ್ಲದೆ ಪದ ಮುಗಿಸಿದ. ಎದ್ದು ಮನೆಗೆ ಹೋದ. ಅಂದಿನಿಂದ ಮಾತಿಲ್ಲ. ತಪ್ಪಾಯಿತು ಅನ್ನಲು ನನಗೆ ಬರುವುದಿಲ್ಲ. ರೀಡು ಸರಿ ಮಾಡಲು ಬರುತ್ತದೆ.

ಆಗಸ್ಟ್ 3, ಭಾನುವಾರ

ಹರಿಹರಕ್ಕೆ ಹೋದೆ. ಮಗಳು ನಿಖತ್ ಮನೆಯಲ್ಲಿ ಊಟ. "ಅಬ್ಬಾ, ಸುಮ್ಮನೆ ಹೋಗಿ ಕರೀರಿ. ಕಂಪ್ಯೂಟರ್ ತಗೊಂಡಷ್ಟು ಕಷ್ಟ ಇಲ್ಲ ಅದು," ಅಂದಳು. ಅವಳು ಅವರಮ್ಮನ ಹಾಗೆ, ಒಂದೇ ಏಟಿಗೆ ಮುಗಿಸುತ್ತಾಳೆ.

ಅಲ್ಲಿಂದ ಆಟೋದಲ್ಲಿ ಕಡರನಾಯಕನಹಳ್ಳಿ. ಅಜ್ಜಪ್ಪಣ್ಣ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಲಿಲ್ಲ.

"ಬಾ. ಕೂಡು."

ಕೂತೆ. ಹಗ್ಗ ಒಂದು ಮೊಳ ಆಯಿತು, ಎರಡು ಮೊಳ ಆಯಿತು.

"ಮನ್ಯಾಗ ರೆಕಾರ್ಡಿಂಗ್ ಮಿಷಿನ್ ತಂದೀನಿ," ಅಂದೆ.

"ಹ್ಞೂಂ."

"ನಿಮ್ಮಪ್ಪನ ಪದ ಯಾರೂ ಬರಕೊಂಡಿಲ್ಲ, ಯಾರೂ ಕಲ್ತಿಲ್ಲ. ನೀನೊಬ್ನೇ. ಒಂದ್ಸಲ ಬಂದು ಹಾಡು."

"ಅದು ನನ್ ದನ್ಯಾಗ ಬರ್ತೈತೇನು?"

"ಇನ್ಯಾರ ದನ್ಯಾಗ ಬರ್ತೈತೆ?"

ಆಗ ತಲೆ ಎತ್ತಿದ. ಹಲ್ಲು ಎರಡು ಹೋಗಿವೆ. "ನನ್ ದನಿ ನಾನು ಕೇಳೇ ಇಲ್ಲ ನೋಡು, ಇಷ್ಟು ವರ್ಷದಾಗ," ಅಂದ. "ಮುಂದಿನ ಐತ್ವಾರ ಬರ್ತೀನಿ. ಚಾಕ್ಕೆ ಸಕ್ರಿ ಹಾಕಬ್ಯಾಡ."

ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತೆ. ಕಣ್ಣು ಒದ್ದೆಯಾಗಿತ್ತು, ಗಾಳಿಗೇನಲ್ಲ.

ಆಗಸ್ಟ್ 10, ಭಾನುವಾರ

ಬಂದ! ಹೊಸ ಬಿಳಿ ಅಂಗಿ ಹಾಕಿಕೊಂಡು. ಫೋಟೋ ತೆಗೆಯುವುದಲ್ಲ ಮಾರಾಯ ಅಂದರೆ, ಇರ್ಲಿ ಬಿಡು ಅಂದ.

ಭಾನುವಾರ ಗಿರಣಿಗೆ ರಜೆ. ಕಿಟಕಿಗೆ ಎರಡು ಕಂಬಳಿ ಕಟ್ಟಿದ್ದೆ. ಮೈಕನ್ನು ಅವನ ಬಾಯಿಂದ ಒಂದು ಗೇಣು ದೂರ ಇಟ್ಟೆ. ಪೇಟಿ ತೆಗೆದು ಅವನ ಶ್ರುತಿ ಹಿಡಿದೆ, ಕರಿ ಎರಡು. ಕೇಳಬೇಕಾಗಿಯೇ ಇರಲಿಲ್ಲ, ಬೆರಳಿಗೆ ಗೊತ್ತಿತ್ತು. ಅವನು ಕಣ್ಣು ಮುಚ್ಚಿ ಎತ್ತಿಕೊಂಡ. ಕೆಳಗಿನ ಪಟ್ಟಿಯ ಗೆರೆ ಎದ್ದಿತು.

ಎರಡು ಸಲ ಕೆಮ್ಮಿದ. ಪಂಚಮ ಇಳಿಯಿತು. ನಾನು ನಿಲ್ಲಿಸಲಿಲ್ಲ. ಮುಖವನ್ನೂ ಕಿವುಚಲಿಲ್ಲ ಅಂದುಕೊಂಡಿದ್ದೇನೆ.

ಚಹಾ ಕುಡಿದ. "ಫೋನಿಗೆ ಹಾಕಿ ಕಳ್ಸು, ಕೇಳ್ತೀನಿ" ಅಂದ. ಬಸ್ ಸ್ಟ್ಯಾಂಡ್‌ವರೆಗೂ ಹೋಗಿ ಬಿಟ್ಟು ಬಂದೆ. ವಾಪಸ್ ಬಂದಾಗ ಅವನ ಲೋಟ ಅಲ್ಲೇ ಇತ್ತು. ತೊಳೆಯಲು ಮನಸ್ಸು ಬರಲಿಲ್ಲ. ಇಷ್ಟು ಸಂತೋಷ ಪಟ್ಟು ಎಷ್ಟು ದಿನವಾಯಿತು.

ಆಗಸ್ಟ್ 13

ಮೂರು ದಿನದಿಂದ ರಿಪೇರಿ ಕೆಲಸ ಬಿಟ್ಟು ಇದೇ ಕೆಲಸ. ಈ ಸಾಫ್ಟ್‌ವೇರಿನಲ್ಲಿ ಒಂದು ಸೌಲಭ್ಯ ಇದೆ, ಇಳಿದ ಸ್ವರವನ್ನು ಹಿಡಿದು ಮೇಲೆತ್ತಬಹುದು. ರೀಡಿನ ತುದಿ ಕೆರೆದರೆ ಸ್ವರ ಏರುತ್ತದಲ್ಲ, ಹಾಗೇ. ಪಂಚಮವನ್ನು ಕೂದಲಷ್ಟು ಎತ್ತಿದೆ. ಇನ್ನೂ ಕೂದಲಷ್ಟು. ಕೂತಿತು! ಆಮೇಲೆ ಕೆಮ್ಮು ತೆಗೆದೆ. ಸಾಲಿನ ನಡುವೆ ಎಳೆದುಕೊಳ್ಳುವ ಉಸಿರು ತೆಗೆದೆ. ಹಲ್ಲು ಹೋದ ಕಡೆ ಗಾಳಿ ಸೀಟಿ ಹೊಡೆಯುತ್ತಿತ್ತು, ಅದನ್ನೂ ತೆಗೆದೆ.

ಈಗ ಒಂದು ತಪ್ಪಿಲ್ಲ. ಅವನು ಜನ್ಮದಲ್ಲಿ ಇಷ್ಟು ಚೆನ್ನಾಗಿ ಹಾಡಿಲ್ಲ. ತಪ್ಪಾಯಿತು ಅಂತ ಬಾಯಲ್ಲಿ ಹೇಳಲಾರೆ, ಇದನ್ನು ಕೇಳಿದರೆ ಅವನಿಗೆ ತಿಳಿಯುತ್ತದೆ.

ಹಳೆಯ ಫೈಲುಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ರೀಡು ಕೂತ ಮೇಲೆ ಹಿತ್ತಾಳೆ ಪುಡಿ ಗುಡಿಸಿ ಆಚೆ ಹಾಕುವುದು ನಲವತ್ತು ವರ್ಷದ ರೂಢಿ.

ಆಗಸ್ಟ್ 14

ಬೆಳಿಗ್ಗೆ ಹತ್ತಕ್ಕೆ ವಾಟ್ಸಾಪಿನಲ್ಲಿ ಕಳಿಸಿದೆ. ಹತ್ತು ಇಪ್ಪತ್ತಕ್ಕೆ ನೀಲಿ ಟಿಕ್ ಬಂತು. ಕೇಳಿದ್ದಾನೆ. ಸಂಜೆವರೆಗೂ ಫೋನು ಪೇಟಿಯ ಮೇಲಿಟ್ಟುಕೊಂಡೇ ಕೂತೆ.

ಆಗಸ್ಟ್ 16

ಇವತ್ತು ಫೋನ್ ಮಾಡಿದ.

"ಖಲೀಲ, ಕೇಳ್ದೆ. ಭಾಳ ಚಲೋ ಐತೆ."

"ಹೌದಾ?"

"ಹ್ಞೂಂ. ಪೇಟಿ ನಿಂದು, ಗೊತ್ತಾತು. ಹಾಡಿದೋರು ಯಾರು?"

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನಮ್ಮಪ್ಪನ ಪದ ಬ್ಯಾರೆಯವರಿಗೂ ಬರ್ತೈತೆ ಅಂತ ಗೊತ್ತಿರ್ಲಿಲ್ಲ. ನನ್ಕಿಂತ ಚಲೋ ಹಾಡ್ಯಾರ. ಅವರನ್ನೇ ಇಟ್ಗಾ." ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೇ ಹಾಗೆ ಅಂದುಕೊಂಡಿದ್ದ. "ನಂದು ಬ್ಯಾಡಾಗಿದ್ರೆ ಹೇಳಬಹುದಿತ್ತು. ಅಂಗಿ ಹಾಕ್ಕೊಂಡು ಬರ್ತಿದ್ದಿಲ್ಲ."

ಅದು ನಿನ್ನದೇ ಅನ್ನುವಷ್ಟರಲ್ಲಿ ಇಟ್ಟುಬಿಟ್ಟ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ನಾಲ್ಕು ಸಲ.

ಆಗಸ್ಟ್ 18

ಲ್ಯಾಪ್‌ಟಾಪ್ ಹೊತ್ತುಕೊಂಡು ಶಿವಕುಮಾರರ ಹತ್ತಿರ ಓಡಿದೆ. ಅಳಿಸಿದ್ದು ವಾಪಸ್ ಬೇಕು.

ಎರಡು ಗಂಟೆ ಹುಡುಕಿದರು. "ಹಳೇ ಕಾಲದ ತಿರುಗೋ ಡಿಸ್ಕ್ ಆಗಿದ್ರೆ ಏನೋ ಒಂಚೂರು ಸಿಗ್ತಿತ್ತು ಮಾಸ್ತರ್ರೇ. ಎಸ್‌ಎಸ್‌ಡಿ ಒಳಗ ಅಳಿಸಿದ್ದು ಅಳಿಸಿದಂಗೇ."

ಸದ್ದಿಲ್ಲ ಅಂತ ನಾನೇ ಕಿವಿ ಹಚ್ಚಿ ಆರಿಸಿದ್ದು.

"ಒಂದು ಕಾಪಿ ಇಡಬೇಕಲ್ರಿ ಯಾವಾಗ್ಲೂ," ಅಂದರು. ಕೆರೆದ ರೀಡಿಗೆ ಕಾಪಿ ಎಲ್ಲಿಂದ ತರಲಿ? ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡೆ. ಅವರ ತಪ್ಪೇನು.

ಆಗಸ್ಟ್ 19

ಅಜ್ಜಪ್ಪಣ್ಣನಿಗೆ ಕಳಿಸಿದ್ದನ್ನು ಹಾಕಿ ಕೇಳಿದೆ, ಮೊದಲ ಸಲ ಸುಮ್ಮನೆ ಕೂತು. ಅವನು ಹೇಳಿದ್ದು ನಿಜ. ಅಲ್ಲಿ ಯಾರೋ ಹಾಡುತ್ತಿದ್ದಾರೆ. ನಾನು ಅವರನ್ನು ನೋಡಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಒಂದು ತಿಂಗಳು ಬರೆದಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ. ಮಠದ ಪೇಟಿ ಒಯ್ದರು. ಲ್ಯಾಪ್‌ಟಾಪಿನ ಮೇಲೆ ಬಟ್ಟೆ ಹೊದಿಸಿದೆ. ನಿಖತ್ ದಿನಾ ಊಟ ಆಯಿತಾ ಅಂತ ಕೇಳುತ್ತಾಳೆ, ಆಯಿತು ಅನ್ನುತ್ತೇನೆ, ಒಮ್ಮೊಮ್ಮೆ ಆಗಿರುವುದಿಲ್ಲ. ಒಂಟಿತನ ಅಂದರೆ ಇದೇ ಇರಬೇಕು. ಸುಳ್ಳು ಹೇಳಿದರೂ ಹಿಡಿಯುವವರಿಲ್ಲ.

ಇವತ್ತು ಹರಿಹರಕ್ಕೆ ಹೋಗಿ, ನಿಖತ್ ಫೋನಿನಿಂದ ಅಜ್ಜಪ್ಪಣ್ಣನಿಗೆ ಹಚ್ಚಿದೆ. ಬೇರೆ ನಂಬರು, ಎತ್ತಿದ.

"ಇಡಬ್ಯಾಡ ಅಜ್ಜಪ್ಪಣ್ಣ. ಅದು ನಿನ್ ದನಿನೇ. ನಾನು ಸರಿ ಮಾಡ್ದೆ."

"ಏನ್ ಸರಿ ಮಾಡಿದಿ?"

"ಮ್ಯಾಲಿನ ಪಂಚಮ. ಕೆಮ್ಮು. ಉಸ್ರು."

"ಉಸ್ರೂನಾ?"

"ಹ್ಞೂಂ."

"ನಾ ಹಾಡಿದ್ದು ಇಟ್ಟೀಯೋ?"

"ಇಲ್ಲ. ಅಳಿಸ್ಬಿಟ್ಟೆ. ನಂದು ತಪ್ಪಾತು. ಅವತ್ತು ಭಜನ್ಯಾಗ ಅಂದಿದ್ದೂ ತಪ್ಪೇ."

ಬಂತು ಬಾಯಿಂದ. ಎರಡು ವರ್ಷ ಬೇಕಾಯಿತು. ಆಚೆ ಕಡೆ ಯಾರೋ ಎಮ್ಮೆಗೆ ಗದರಿಸುವುದು ಕೇಳಿಸಿತು.

"ಇನ್ನೊಂದ್ಸಲ ಹಾಡ್ತೀನಿ," ಅಂದ. "ನಿನಗೋಸ್ಕರ ಅಲ್ಲ, ನಮ್ಮಪ್ಪನ ಪದಕ್ಕೆ. ನೀನು ಒಳಗಿರಬ್ಯಾಡ. ಮಿಷಿನ್ ಹಚ್ಚಿ ಹೊರಗ ಕೂಡು. ಆ ಸಾಲು ಬರೋ ಹೊತ್ಗೆ ನಿನ್ ಮಾರಿ ಹೆಂಗೆ ಆಗ್ತೈತೆ ಗೊತ್ತೇನು? ಇಷ್ಟು ವರ್ಷ ಹೆದರ್ಕೊಂಡೇ ಹಾಡೀನಿ."

ಆಗಲಿ ಅಂದೆ. ಬೇರೆ ಏನು ಅನ್ನಲಿ.

ಸೆಪ್ಟೆಂಬರ್ 28, ಭಾನುವಾರ. ಬೆಳಿಗ್ಗೆ 11.20

ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ. ಕೆಂಪು ಗುಂಡಿ ಒತ್ತಿ, ಮೈಕು ಸರಿಯಾಗಿಟ್ಟು ಹೊರಗೆ ಬಂದೆ. ಅವನು ಒಳಗಿನಿಂದ ಚಿಲಕ ಹಾಕಿಕೊಂಡ. ನನ್ನ ಮನೆಗೇ.

ಶುರು ಮಾಡಿದ. ಕಂಬಳಿ ಕಟ್ಟಿದ್ದರೂ ಇಲ್ಲಿಗೆ ಕೇಳುತ್ತದೆ. ಪೇಟಿ ಇಲ್ಲದೆ ಅವನ ದನಿ ಎಷ್ಟು ಸಣ್ಣದು. ನನ್ನ ಬೆರಳು ಪೆನ್ನಿನ ಮೇಲೇ ಪೇಟಿಯ ಮನೆ ಹಿಡಿಯುತ್ತಿದೆ.

ಎರಡನೇ ನುಡಿ. ಕೆಮ್ಮಿದ. ಇರಲಿ.

11.31

ಕೊನೆಯ ನುಡಿ. ಈಗ ಬರುತ್ತದೆ — ಪಂಚಮ. ಇಳಿಯಿತು. ಇಳಿದರೂ ನಿಲ್ಲಲಿಲ್ಲ, ದಾಟಿಕೊಂಡು ಹೋದ. ಇದನ್ನು ನಾನು ಕೆರೆಯುವುದಿಲ್ಲ. ಮುಟ್ಟುವುದೂ ಇಲ್ಲ.

ಮುಗಿಯಿತು. ಬಾಗಿಲು ತೆಗೆಯುತ್ತಾನೆ ಈಗ.

11.36

ತೆಗೆದಿಲ್ಲ. ಸದ್ದೂ ಇಲ್ಲ. ಹಿತ್ತಿಲ ಕಡೆಯಿಂದ ಹೊರಟುಹೋದನೇ? ನೋಡಿ ಬಂದೆ. ಆ ಬಾಗಿಲೂ ಹಾಕಿದೆ.

11.40

ಪೇಟಿ! ನನ್ನ ಪೇಟಿ ಒತ್ತುತ್ತಿದ್ದಾನೆ. ಬಾರಿಸಲು ಬರುವುದಿಲ್ಲ ಅವನಿಗೆ. ಒಂದೇ ಮನೆ ಹಿಡಿದು ತಿದಿ ಹಾಕುತ್ತಿದ್ದಾನೆ. ತಪ್ಪು ಮನೆ. ಅವನ ಶ್ರುತಿ ಕರಿ ಎರಡು, ಒತ್ತಿದ್ದು ಅದರ ಪಕ್ಕದ ಬಿಳಿ. ಬಿಡುತ್ತಲೇ ಇಲ್ಲ. ಚಿಲಕ ಸರಿದ ಸದ್ದಾಯಿತು, ಮತ್ತೆ ಅದೇ ತಪ್ಪು ಸ್ವರ, ಇನ್ನೂ ಜೋರಾಗಿ. ಇಪ್ಪತ್ತನಾಲ್ಕು ವರ್ಷ ಅದೇ ಶ್ರುತಿಗೆ ಹಾಡಿದವನಿಗೆ ತಪ್ಪು ಅಂತ ಗೊತ್ತಾಗುವುದಿಲ್ಲವೇ? ಗೊತ್ತು. ಬೇಕೆಂದೇ ಒತ್ತುತ್ತಿದ್ದಾನೆ, ನಾನು ಹೊರಗೆ ಕೂರಲಾರೆ ಅಂತ, ನನ್ನನ್ನು ಒಳಗೆ —