ಮೆಗಾ ಬ್ಲಾಕ್ ದಿನದ ಸಿಂಫನಿ

ದಿವಾಕರ ಮಾವ,

ನಿಮ್ಮ ಡಿಜೆ ಸೋದರಸೊಸೆ ಬರೆಯುತ್ತಿದ್ದೇನೆ. ನಾನು ಮಿಕ್ಸರ್ ಕೊಂಡ ದಿನ ನೀವು ನೌಪಾಡಾದ ಹೋಟೆಲಿನ ಗಲ್ಲಾ ಬಿಟ್ಟು ಡೊಂಬಿವಲಿಗೆ ಬೇಗ ಬಂದಿದ್ದಿರಿ, ನೆನಪಿದೆಯಾ? ಕನ್ನಡಕ ಮೇಲೇರಿಸಿ ಗುಂಡಿಗಳನ್ನೆಲ್ಲ ನೋಡಿ, "ಎಂತ ಮಾರಾಯ್ತಿ ಇದು, ಇಡ್ಲಿ ಸ್ಟ್ಯಾಂಡಾ?" ಎಂದಿರಿ. ವಾರವಿಡೀ ಮಹಾಪೆಯಲ್ಲಿ ಆಫೀಸು, ಶನಿವಾರ ಮದುವೆಗಳಲ್ಲಿ ಕುಟ್ಟುವ ಕೆಲಸ ಎಂದು ಅಮ್ಮ ಮುಖ ಊದಿಸಿಕೊಂಡಿದ್ದಳು. ಒಂದು ಹಾಡಿನ ಶ್ರುತಿ ಇನ್ನೊಂದಕ್ಕೆ ಹೊಂದುತ್ತದೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದವರು ನೀವೊಬ್ಬರೇ.

ನೀವು ಪಿಟೀಲು ಬಾರಿಸುತ್ತಿದ್ದಿರಿ ಎನ್ನುವುದೇ ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ಕೇಳಿ ಕೇಳಿ ಪೀಡಿಸಿದ ಮೇಲೆ, ಒಮ್ಮೆ ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತು ಹೇಳಿದಿರಿ. ಆಫೀಸು, ಅಂಗಡಿ, ಹೋಟೆಲು ಮುಗಿಸಿ ಬರುವವರದೇ ಒಂದು ಆರ್ಕೆಸ್ಟ್ರಾ. ನೀವು ಸೆಕೆಂಡ್ ವಯಲಿನ್, ಹಿಂದಿನ ಸಾಲು. ಬಾಂಬೆಯ ಒಂದು ಹಾಲಿನಲ್ಲಿ ಭಾನುವಾರ ಸಿಂಫನಿಯ ರೆಕಾರ್ಡಿಂಗ್. ಅವತ್ತು ಮೆಗಾ ಬ್ಲಾಕ್, ಹಳಿ ರಿಪೇರಿಗೆಂದು ಹೆಚ್ಚಿನ ಲೋಕಲ್‌ಗಳೆಲ್ಲ ರದ್ದು. ಐದೂಕಾಲರ ಗಾಡಿ ತಪ್ಪಿದರೆ ಡೊಂಬಿವಲಿ, ಕಲ್ಯಾಣ, ಬದಲಾಪುರದವರೆಲ್ಲ ಅಲ್ಲೇ ಬಾಕಿ. ಕೊನೆಯ ಭಾಗದಲ್ಲಿ ವಾದ್ಯವೃಂದ ತಾಳ ಮೀರಿ ಓಡಿತು. ಮುಗಿದ ಮೇಲೆ ನಿರ್ದೇಶಕರು ಕೋಲು ಕೆಳಗಿಟ್ಟು, "ಸೆಕೆಂಡ್ ವಯಲಿನ್, ಕೌನ್ ಭಾಗಾ?" ಓಡಿದ್ದು ಯಾರು ಎಂದು ಗುಡುಗಿದರು. ನೀವು ಎದ್ದು ನಿಂತಿರಿ.

"ಪಿಟೀಲು ಸುಮ್ಮನಿದ್ದ ಜಾಗದಲ್ಲಿ ನಾನು ವಾಚ್ ನೋಡಿದ್ದು ಹೌದು ಮಗಾ. ಮನಸ್ಸು ಆಗಲೇ ಪ್ಲಾಟ್‌ಫಾರ್ಮಿಗೆ ಹೋಗಿತ್ತು. ಹಾಳು ಮಾಡಿದ್ದು ನಾನೇ." ಇಷ್ಟು ಹೇಳಿ ಠಾಣೆ ಸ್ಟೇಷನ್ನಿನಲ್ಲಿ ಇಳಿದುಬಿಟ್ಟಿರಿ. ಮತ್ತೊಮ್ಮೆ ಬಾರಿಸಲು ಹಾಲ್ ಬಾಡಿಗೆಯ ಸಮಯ ಉಳಿದಿರಲಿಲ್ಲ, ಓಡಿದ್ದೇ ಕ್ಯಾಸೆಟ್ ಆಯಿತು. ನೀವು ಆರ್ಕೆಸ್ಟ್ರಾಕ್ಕೆ ಮತ್ತೆ ಹೋಗಲಿಲ್ಲ, ಆ ಕ್ಯಾಸೆಟ್ ಯಾರಿಗೂ ಕೇಳಿಸಲಿಲ್ಲ. ಅತ್ತೆಗೂ.

ನೀವು ನಮ್ಮನ್ನು ಬಿಟ್ಟು ಹೋದ ಮೇಲೆ ಅತ್ತೆ ಅದನ್ನು ನನ್ನ ಕೈಗೆ ಕೊಟ್ಟರು. ಕಂಪ್ಯೂಟರಿಗೆ ಇಳಿಸಿದೆ. ಅದು ಸ್ವರಶ್ರೇಣಿ ಜಿ ಮೈನರ್ ಎಂದಿತು, ಟೇಪು ಹಳೆಯದಾಗಿ ಕೂದಲೆಳೆಯಷ್ಟು ಶ್ರುತಿ ಏರಿದೆ ಎಂದಿತು. ನೀವಾಗಿದ್ದರೆ ಕೀರವಾಣಿ ರಾಗದ ದೂರದ ನೆಂಟ ಎನ್ನುತ್ತಿದ್ದಿರಿ. ಹೊಂದುವ ಹಾಡುಗಳ ಮುಂದೆ ಹಸಿರು ಚುಕ್ಕೆ ಬರುತ್ತದೆ, ಅವೂ ಬಂದವು. ಆದರೆ ವೇಗ ಮಾತ್ರ ಸಿಗಲೊಲ್ಲದು! ನಿಮಿಷಕ್ಕೆ ನೂರ ಮೂವತ್ತೆರಡು ಬಡಿತ ಎನ್ನುತ್ತದೆ, ಆಮೇಲೆ ನೂರ ಮೂವತ್ತೆಂಟು ಎನ್ನುತ್ತದೆ. ನಾನು ಜಾಣತನ ಮಾಡಿ ಎಲ್ಲವನ್ನೂ ಒಂದೇ ವೇಗಕ್ಕೆ ಸರಿಮಾಡಿದೆ. ಮಾವ, ಅದು ಎಷ್ಟು ಸತ್ತುಹೋಯಿತು ಅಂದರೆ... ಮುಟ್ಟಿದ್ದಕ್ಕೆ ನನಗೇ ನಾಚಿಕೆಯಾಯಿತು.

ಕೊನೆಗೆ ಒಂದೊಂದು ಬಡಿತವನ್ನೂ ಕಿವಿಯಿಂದ ಕೇಳಿ ಕೈಯಿಂದ ಗೆರೆ ಹಾಕುತ್ತ ಕೂತೆ. ಮೂರು ರಜೆ ಹೋದವು. ಕೊನೆಯ ಭಾಗದಲ್ಲಿ ಒಂದು ಕಡೆ ಹದಿನಾರು ಆವರ್ತ ಕೊಳಲು, ಕ್ಲಾರಿನೆಟ್ ಮಾತ್ರ ಇವೆ, ಪಿಟೀಲುಗಳೆಲ್ಲ ಸುಮ್ಮನಿವೆ. ವೇಗ ಏರಿದ್ದು ಅಲ್ಲೇ. ಆಗ ನಿಮ್ಮ ಕಮಾನು ತೊಡೆಯ ಮೇಲಿತ್ತಲ್ಲ ಮಾವ, ನೀವು ಓಡುವುದಾದರೂ ಹೇಗೆ? ಸೆಕೆಂಡ್ ವಯಲಿನ್ ಒಳಗೆ ಬಂದ ಕೂಡಲೇ ನೂರ ಮೂವತ್ತೆಂಟು ಇದ್ದದ್ದು ನೂರ ಮೂವತ್ತೈದಕ್ಕೆ ಇಳಿಯುತ್ತದೆ. ನನ್ನ ಲೆಕ್ಕ ತಪ್ಪಿರಬೇಕು ಎಂದು ಮತ್ತೆ ಮೊದಲಿನಿಂದ ಗೆರೆ ಹಾಕಿದೆ. ತಪ್ಪಿರಲಿಲ್ಲ.

ನಿಮ್ಮ ಡೈರಿಯಲ್ಲಿದ್ದ ನಂಬರು ಹಿಡಿದು ನಿಮ್ಮ ಆರ್ಕೆಸ್ಟ್ರಾದ ಕೊಳಲಿನವರನ್ನು ಹುಡುಕಿಕೊಂಡು ಬದಲಾಪುರಕ್ಕೆ ಹೋದೆ. ಎಂಬತ್ತು ದಾಟಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಕೇಳಿಸಿದೆ. ಕಣ್ಣುಮುಚ್ಚಿ ಕೇಳಿ, "ಅಗ, ಮೀಚ್ ಪಳಾಲೋ" ಎಂದರು. ಓಡಿದವನು ತಾನೇ ಅಂತ! ಬದಲಾಪುರದ ಗಾಡಿ ತಲೆಯಲ್ಲಿತ್ತಂತೆ. ನೀವು ಎದ್ದು ನಿಂತಾಗ ನಾಲಿಗೆ ಏಳಲಿಲ್ಲವಂತೆ. "ದಿವಾಕರ್ ಮಾಝ್ಯಾ ಮಾಗೇಚ್," ಎಂದು ಬೆನ್ನ ಹಿಂದೆ ತೋರಿಸಿದರು. ನಿಮ್ಮ ಬೂಟಿನ ತಾಳ ಅವರಿಗೆ ಕೇಳುತ್ತಿತ್ತಂತೆ, ಗಟ್ಟಿಯಾಗಿ ಬಡಿದು ಎಲ್ಲರನ್ನೂ ಹಿಂದಕ್ಕೆ ಎಳೆದವರು ನೀವಂತೆ. ನನಗೆ ಸಿಟ್ಟು ನೆತ್ತಿಗೇರಿತು. ಬೈಯಬೇಕೆಂದು ಬಾಯಿ ತೆರೆದರೆ ಆ ಮುದುಕರು ಅಳುತ್ತಿದ್ದರು. ಚಹಾ ಕುಡಿದು ಬಂದೆ.

ಹೋದ ಶನಿವಾರ ನಮ್ಮ ಕನ್ನಡ ಸಂಘದ ಹಾಲಿನಲ್ಲಿ ಅದನ್ನು ನುಡಿಸಿದೆ ಮಾವ. ಒಂದು ಗೆರೆಯನ್ನೂ ಸರಿಮಾಡಲಿಲ್ಲ. ಡ್ರಮ್ಮನ್ನು ಯಂತ್ರಕ್ಕೆ ಬಿಡದೆ ಕೈಯಲ್ಲೇ ಬಾರಿಸಿದೆ; ನಿಮ್ಮವರು ಓಡಿದರೆ ನಾನೂ ಓಡುವುದು, ತಡೆದರೆ ನಾನೂ ತಡೆಯುವುದು. ಶುರುವಿಗೆ ಮೈಕ್ ಹಿಡಿದು, ಸೆಕೆಂಡ್ ವಯಲಿನ್ ದಿವಾಕರ, ನನ್ನ ಸೋದರಮಾವ ಎಂದೆ, ನಡೆದದ್ದನ್ನೆಲ್ಲ ಹೇಳಿದೆ. ಇಷ್ಟು ಹೆಮ್ಮೆ ನನಗೆ ಜೀವನದಲ್ಲಿ ಆದದ್ದಿಲ್ಲ. ಕನ್ನಡ ಅರ್ಥವಾದರೂ ಮರಾಠಿಯಲ್ಲೇ ಉತ್ತರಿಸುವ ನಮ್ಮ ಹುಡುಗರು ಕುರ್ಚಿ ಸರಿಸಿ ಮುಂದೆ ಬಂದು ಕೂತರು.

ಅತ್ತೆಯನ್ನು ನನ್ನ ಮೇಜಿನ ಪಕ್ಕದಲ್ಲೇ ಕೂರಿಸಿದ್ದೆ. "ಇದರಲ್ಲಿ ಅವರದ್ದು ಯಾವುದು ಮಗಾ?" ಎಂದು ಮೂರು ಸಲ ಕೇಳಿದರು. ಕೊಳಲಿನ ಹದಿನಾರು ಆವರ್ತ ಬಂದಾಗ ಡ್ರಮ್ ನಿಲ್ಲಿಸಿ ಅವರ ಕೈ ಹಿಡಿದುಕೊಂಡೆ. ಕೊಳಲು ಓಡಿತು, ಓಡಿತು, ಆಮೇಲೆ ಹಿಂದಿನಿಂದ ಪಿಟೀಲುಗಳು ಬಂದು ಅದನ್ನು ಹಿಡಿದವು.

"ಅಗೋ ಅತ್ತೆ, ಮಾವ ಬಂದ್ರು," ಎಂದೆ.

ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.