ಕೆಂಪು ಇನ್ನೂ ಉಳಿದಿದೆ

ಮಾರ್ಚ್ 9, ಭಾನುವಾರ

ವೆಸ್ಟ್‌ಲ್ಯಾಂಡ್ಸ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಡಿಮ್ ಸಮ್ ಊಟಕ್ಕೆ ಮತ್ತೆ ಲೇಟು. ತಿಂಗಳ ಎರಡನೇ ಭಾನುವಾರ ನೈರೋಬಿಯ ಹಕ್ಕಾ ಚೀನೀಯರೆಲ್ಲ ಸೇರುವ ದಿನ — ಮಾರಿಷಸ್‌ನವರು, ಮಲೇಷ್ಯಾದವರು, ಕಲ್ಕತ್ತಾದವರು. ಇವತ್ತಿನವರೆಗೆ ಬೆಂಗಳೂರಿನವಳು ನಾನೊಬ್ಬಳೇ. ಅದೂ ಅರ್ಧ. ಅಪ್ಪ ಯಾಪ್, ಅಮ್ಮ ಮಂಡ್ಯದ ವಸುಂಧರಾ. ಇದನ್ನು ಫೋನಿನಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಆ ಮೇಜಿನಲ್ಲಿ ಯಾರಿಗೂ ಓದಲು ಬರುವುದಿಲ್ಲ ಎಂಬ ಧೈರ್ಯ.

ಸಿಗಡಿ ತುಂಬಿದ ಕಡುಬು ಬಾಯಿಗಿಡುವಷ್ಟರಲ್ಲಿ ಒಬ್ಬ ಮುದುಕ ಬಂದ. ಕೈಯಲ್ಲಿ ಕೋಲು, ಹಿಂದೆ ಮಗ, ಸೊಸೆ. ಎಲ್ಲರೂ ಎದ್ದು ನಿಂತರು. ಚುಂಗ್ ಪಾಕ್, ಅಂದರೆ ಚುಂಗ್ ದೊಡ್ಡಪ್ಪ. ಬೆಂಗಳೂರಿನವನೇ, ಗುರುತು ಸಿಕ್ಕಿತು. ಕಡುಬನ್ನು ಬುಟ್ಟಿಗೇ ವಾಪಸ್ ಇಟ್ಟೆ.

ಕಿರಿಯಳು ನಾನು, ಟೀ ಬಗ್ಗಿಸಬೇಕಾಯಿತು. ಎರಡು ಬೆರಳಿಂದ ಮೇಜು ತಟ್ಟಿದ — ಟೀ ಹಾಕಿದವರಿಗೆ ಹೀಗೇ ಥ್ಯಾಂಕ್ಸ್ ಹೇಳುವುದು. ಹಕ್ಕಾದಲ್ಲಿ ಕೇಳಿದ: "ಯಾಪ್ ಮಗಳಲ್ವಾ? ಎಂಥ ಒಳ್ಳೆ ಮನುಷ್ಯ ನಿಮ್ಮಪ್ಪ!"

ಮಾಡಿದ್ದನ್ನು ಮರೆತೇಬಿಟ್ಟಿದ್ದಾನೆ. ಪಾಪಿ.

ಮಾರ್ಚ್ 10

ಫ್ಯಾಕ್ಟರಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಬ್ಯಾಚ್ ರಿಪೋರ್ಟ್ ಒಂದಕ್ಷರ ತಲೆಗೆ ಹೋಗಲಿಲ್ಲ.

ನಮ್ಮ ಹಕ್ಕಾ ಜನರಲ್ಲಿ ಗಂಡ ಸತ್ತರೆ ಅವನ ಸಮಾಧಿ ಕಲ್ಲಿನಲ್ಲಿ ಹೆಂಡತಿಯ ಹೆಸರನ್ನೂ ಕೊರೆಯುತ್ತಾರೆ. ಬದುಕಿರುವವರೆಗೆ ಅದಕ್ಕೆ ಕೆಂಪು ಬಣ್ಣ, ಹೋದ ಮೇಲೆ ಕಪ್ಪು. ಅಪ್ಪ ಹೋದಾಗ ಬೆಂಗಳೂರಿನ ಚೀನೀಯರ ಸಂಘಕ್ಕೆ ಈ ಚುಂಗ್ ಅಧ್ಯಕ್ಷ. ಕಲ್ಲಿನ ಅರ್ಧ ಭಾಗ ಬೋಳು ಬಿಡಿಸಿದ. "ಹೊರಗಿನವಳ ಹೆಸರು ನಮ್ಮ ಕಲ್ಲಿನ ಮೇಲೆ ಬೇಡ." ಅಮ್ಮನ ಎದುರೇ, ಹಕ್ಕಾದಲ್ಲಿ. ಅವಳಿಗೆ ತಿಳಿಯುವುದಿಲ್ಲ ಅಂದುಕೊಂಡು! ಅತ್ತೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬೆಂದವಳು. ಅವನಿಗಿಂತ ಚೆಂದ ಹಕ್ಕಾ ಮಾತಾಡುತ್ತಾಳೆ. ಅಂದು ಬಾಯಿ ಬಿಡಲಿಲ್ಲ. ಹನ್ನೊಂದು ವರ್ಷವಾಯಿತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಕೊತ್ತಂಬರಿ ಬಿಡಿಸುತ್ತಿದ್ದಳು.

"ಹೌದಾ? ಅವನ ಮಂಡಿ ನೋವು ಹೇಗಿದೆಯಂತೆ?"

ಮೈ ಉರಿದುಹೋಯಿತು.

ಮಾರ್ಚ್ 26, ಬುಧವಾರ

ಚುಂಗ್ ಫೋನ್ ಮಾಡಿದ್ದ. ಮಗನ ಮನೆಗೆಂದು ಬಂದಿದ್ದ ಹೆಂಡತಿ ಹೋದ ವರ್ಷ ಇಲ್ಲೇ ತೀರಿಕೊಂಡಳಂತೆ. ಬರುವ ವಾರ ಚಿಂಗ್‌ಮಿಂಗ್, ಒಂಥರಾ ನಮ್ಮ ಪಿತೃಪಕ್ಷ. ಸಮಾಧಿ ತೊಳೆದು, ಎಡೆಯಿಟ್ಟು, ಮನೆಯ ಹೆಂಗಸರು ಸತ್ತವರನ್ನು ಊಟಕ್ಕೆ ಕರೆಯಬೇಕು. ಹಕ್ಕಾದಲ್ಲೇ. ಅವನ ಮನೆಯವರಿಗೆ ಬರೀ ಇಂಗ್ಲಿಷು.

"ನಿಮ್ಮಮ್ಮನಿಗೆ ಬರುತ್ತೆ ಅಂತ ಯಾರೋ ಅಂದ್ರು. ಸ್ವಲ್ಪ ಕೇಳಿ ನೋಡಮ್ಮ..."

ಹಾಲು ಕುಡಿದಷ್ಟು ಸಂತೋಷ! ಅಮ್ಮ ಆಗಲ್ಲ ಅನ್ನುತ್ತಾಳೆ, ಮುದುಕ ಹೆಂಡತಿಯ ಮುಂದೆ ಮೂಕನಾಗಿ ನಿಲ್ಲುತ್ತಾನೆ.

"ಬರ್ತೀನಿ ಅನ್ನು," ಅಂದಳು ಅಮ್ಮ. "ನಾನು ಕರೆಯೋದು ಅವಳನ್ನ, ಅವನನ್ನಲ್ಲ."

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಳು. ಇರಲಿ. ನನ್ನ ದಾರಿ ನನಗೆ.

ಏಪ್ರಿಲ್ 4, ಶುಕ್ರವಾರ

ಕಪ್ಪು ನೇಲ್ ಪಾಲಿಶ್ ಕೊಂಡೆ. ಹೆಂಡತಿಯ ಕಲ್ಲಿನ ಮೇಲೆ ಅವನ ಹೆಸರೂ ಇರುತ್ತದಲ್ಲ, ಕೆಂಪಿನಲ್ಲಿ. ಎಲ್ಲರೂ ಬಗ್ಗಿ ನಮಸ್ಕರಿಸುವಾಗ ಅದಕ್ಕೆ ಕಪ್ಪು ಬಳಿಯುತ್ತೇನೆ. ಬದುಕಿರುವಾಗಲೇ ಸತ್ತವನ ಬಣ್ಣ. ತಲೆಯೆತ್ತಿ ನೋಡಿಕೊಳ್ಳಲಿ.

ಕ್ಯಾಷಿಯರ್ ಹುಡುಗಿ "ಪಾರ್ಟಿಯಾ, ಮೇಡಂ?" ಅಂತ ಕೇಳಿದಳು. ಹೌದಮ್ಮ, ಪಾರ್ಟಿ.

ಏಪ್ರಿಲ್ 5, ಶನಿವಾರ

ಮಳೆ ಬಿಟ್ಟಿತ್ತು. ಸ್ಮಶಾನದಲ್ಲಿ ಕಾಲು ಹೂತುಹೋಗುವಷ್ಟು ಕೆಸರು. ಅಮ್ಮ ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ಕಲ್ಲು ತೊಳೆದಳು. ಕೋಳಿ, ಕಿತ್ತಳೆ, ಟೀ, ಊದುಬತ್ತಿ. ಆಮೇಲೆ ಕರೆದಳು. ಥೇಟ್ ನನ್ನ ಅಜ್ಜಿಯ ರಾಗ... "ಬಾ ಅಕ್ಕಾ, ಅನ್ನ ಬಿಸಿಯಾಗಿದೆ, ಮಕ್ಕಳೆಲ್ಲ ಬಂದಿದ್ದಾರೆ." ಚುಂಗ್ ಬಿಕ್ಕಿ ಬಿಕ್ಕಿ ಅತ್ತ. ನನಗೂ... ಇಲ್ಲ. ನಾನು ಅಳಲಿಲ್ಲ.

ಅವನ ಹೆಸರಿನ ಕೆಂಪು ಮಾಸಿತ್ತು. ಮಗ ಬಣ್ಣ, ಬ್ರಷ್ ತಂದಿದ್ದ. ಬ್ಯಾಗಿನೊಳಗೆ ನನ್ನ ಬೆರಳು ಬಾಟಲಿಯ ಮುಚ್ಚಳ ತಿರುಗಿಸುತ್ತಿತ್ತು. ಅಷ್ಟರಲ್ಲಿ ಅಮ್ಮ ಬ್ರಷ್ ಇಸಿದುಕೊಂಡು, ಕುಕ್ಕರಗಾಲಲ್ಲಿ ಕೂತು, ಆ ಹೆಸರಿನ ಒಂದೊಂದು ಗೆರೆಗೂ ಬಣ್ಣ ತುಂಬತೊಡಗಿದಳು. ಹಬ್ಬದ ರಂಗೋಲಿ ಹಾಕುವ ಹಾಗೆ. ನನ್ನಮ್ಮ! ಅವನ ಹೆಸರಿಗೆ! ಬಾಟಲಿಯನ್ನು ಅವಳ ಮೇಲೇ ಎಸೆಯುವಷ್ಟು ಸಿಟ್ಟು ಬಂತು.

ಮುಗಿಸಿ, ಬ್ರಷ್ ಹಿಡಿದೇ ತಿರುಗಿದಳು. ಹಕ್ಕಾದಲ್ಲಿ, ಎಲ್ಲರಿಗೂ ಕೇಳುವ ಹಾಗೆ —

"ಕೆಂಪು ಇನ್ನೂ ಉಳಿದಿದೆ, ಅಣ್ಣ. ನನ್ನ ಹೆಸರು ಎಲ್ಲಿ ಬರೀಲಿ?"

ಮಗ ಅವನ ಮುಖ ನೋಡಿದ. "ವಾಟ್ ಡಿಡ್ ಶೀ ಸೇ, ಡ್ಯಾಡ್?"

ಡ್ಯಾಡ್ ಕೋಲಿನ ತುದಿಯಿಂದ ಕೆಸರು ಕೆದಕತೊಡಗಿದ. ನಾನು ಹೇಳಿದೆ. ಇಂಗ್ಲಿಷಿನಲ್ಲಿ, ನಿಧಾನವಾಗಿ, ಬೋಳು ಕಲ್ಲಿನ ಕಥೆ ಪೂರ್ತಿ.

ಏಪ್ರಿಲ್ 13, ಭಾನುವಾರ, ಮಧ್ಯಾಹ್ನ

ಮೇಜಿನ ಕೆಳಗೆ ಫೋನ್ ಹಿಡಿದು ಟೈಪ್ ಮಾಡುತ್ತಿದ್ದೇನೆ. ಮನೆಗೆ ಹೋಗುವವರೆಗೆ ತಡೆಯಲಾರೆ.

ಅಮ್ಮ ಮೊದಲ ಸಲ ಡಿಮ್ ಸಮ್‌ಗೆ ಬಂದಿದ್ದಾಳೆ. ಸುದ್ದಿ ಎಲ್ಲರಿಗೂ ಮುಟ್ಟಿದೆ, ಯಾರೂ ಕಡುಬಿನ ಬುಟ್ಟಿ ಮುಟ್ಟುತ್ತಿಲ್ಲ. ಚುಂಗ್ ಎದ್ದ. ಟೀ ಪಾಟ್ ತಾನೇ ಎತ್ತಿ ಅಮ್ಮನ ಕಪ್ಪಿಗೆ ಬಗ್ಗಿಸಿದ. ಹಿರಿಯರು ಹೀಗೆ ಎದ್ದು ನಿಂತು ಹಾಕಿದ್ದನ್ನು ನಾನು ಕಂಡೇ ಇಲ್ಲ. ಅರ್ಧ ಮೇಜುಬಟ್ಟೆಯ ಮೇಲೆ ಚೆಲ್ಲಿತು.

"ತಪ್ಪಾಯ್ತಮ್ಮ. ಬೆಂಗಳೂರಿಗೆ ಹೇಳಿದೀನಿ. ನಿಮ್ಮ ಹೆಸರು ಬರೆಸ್ತಾರೆ." ಕನ್ನಡದಲ್ಲಿ ಹೇಳಿದ!

ಅಮ್ಮ ಎರಡು ಬೆರಳಿಂದ ಮೇಜು ತಟ್ಟಿದರೆ ಒಪ್ಪಿಕೊಂಡ ಹಾಗೆ, ಮುಗಿಯಿತು. ತಟ್ಟಲಿಲ್ಲ. ಕೈ ಮಡಿಲಲ್ಲೇ.

"ಕಲ್ಲಿನ ಫೋಟೊ ಬರಲಿ," ಅಂದಳು.

ಅವನು ಕೂರಲಿಲ್ಲ. ಪಾಟ್ ಹಿಡಿದೇ ನಿಂತಿದ್ದಾನೆ. ನಿಲ್ಲಲಿ. ಕಾಲು ಸೋಲುವವರೆಗೆ ನಿಲ್ಲಲಿ. ಅಮ್ಮ ಹನ್ನೊಂದು ವರ್ಷ ನಿಂತಿದ್ದಳು.

ಅಮ್ಮ ಅವನ ಮಂಡಿ ನೋಡುತ್ತಿದ್ದಾಳೆ. ಯಾಕೆ ನೋಡುತ್ತಾಳೆ? ಬಲಗೈ ಮಡಿಲಿಂದ ಮೇಲೆ ಬರುತ್ತಿದೆ. ಬೇಡಮ್ಮ. ಫೋಟೊ ಇನ್ನೂ ಬಂದಿಲ್ಲ. ಇಷ್ಟು ಬೇಗ ಬೇ—