ಎರಡನೆಯ ಇಂಜಿನ್

ಕಾರ್ಲ್,

ನಿಮಗೆ ವಿಮಾನ ಹಾರಿಸಲು ಕಲಿಸಿದ ಟ್ರೆವರ್ ಇವತ್ತು ಕಲ್ಯಾಣಪುರದ ಮನೆಗೆ ಬಂದಿದ್ದರು, ನೀವು ಸತ್ತ ಅಪಘಾತದ ವರದಿ ಹಿಡಿದುಕೊಂಡು. ಆಕಾಶದಲ್ಲಿ ಕೆಟ್ಟು ನಿಂತದ್ದು ಬಲಗಡೆಯ ಇಂಜಿನ್. ಗಡಿಬಿಡಿಯಲ್ಲಿ ನೀವು ಬಂದ್ ಮಾಡಿದ್ದು ಎಡಗಡೆಯದ್ದನ್ನು, ಸರಿಯಾಗಿ ಓಡುತ್ತಿದ್ದುದನ್ನು!

“ಒಂದೇ ಇಂಜಿನ್ ಇದ್ದಿದ್ದರೆ ಈ ತಪ್ಪೇ ಆಗ್ತಿರಲಿಲ್ಲ ಝೀಟಾ ಬಾಯಿ. ಯಾವುದಾದರೂ ಗದ್ದೆಗೆ ಇಳಿಸ್ತಿದ್ದರು,” ಎಂದರು.

ಸೋಫಾದ ಬಣ್ಣಕ್ಕೂ ನನ್ನ ಹತ್ತಿರ ಜಗಳ ಆಡಿದ ಮನುಷ್ಯ ನೀವು. ಇಪ್ಪತ್ತು ವರ್ಷ ನನ್ನ ಒಂದು ಮಾತೂ ಕೇಳಿದವರಲ್ಲ. ಇದೊಂದನ್ನು ಯಾಕೆ ಕೇಳಿದಿರಿ? ನಿಮಗೆ ಬೇಕಿದ್ದುದು ಒಂದು ಇಂಜಿನಿನ ವಿಮಾನ. “ಕಾಪುವಿನ ಕಡಲ ಮೇಲೆ ಅದು ನಿಂತರೆ ಎಂತ ಮಾಡುವುದು? ಎರಡಿದ್ದರೆ ಮಾತ್ರ ನಾನು ಕೂರುವುದು” ಎಂದಿದ್ದೆ, ಅಷ್ಟೆ. ಎರಡು ಇಂಜಿನಿನದ್ದನ್ನೇ ಕೊಂಡಿರಿ.

ಆ ವಿಮಾನದಲ್ಲೂ ನಾನು ಒಂದು ದಿನವೂ ಕೂರಲಿಲ್ಲ.